ಸ್ವ-ಇಚ್ಛೆಯ ಅರ್ಜಿ

‘ಉದ್ಯೋಗಂ ಪುರುಷಲಕ್ಷಣಂ’ ಎಂದು ಮೊದಲು ಹೇಳಿದವರು ಯಾರೋ ತಿಳಿಯದು. ಆ ಮಹನೀಯರು ಬೆಳಗಿನ ಎಂಟು ಗಂಟೆಗೆ ಬೀರೂರಿನಲ್ಲಿ ಬಸ್ಸಿಗಾಗಿ ಕಾದವರಲ್ಲವೆಂಬುದು ಮಾತ್ರ ನಿಶ್ಚಯ. ಕಡೂರಿನ ಕಡೆಯಿಂದ ಬಂದವರು ತರೀಕೆರೆಗೆ ಹೋಗಲಿ, ಅಜ್ಜಂಪುರಕ್ಕೆ ಹೋಗಲಿ, ಬೀರೂರನ್ನು ಹಾದೇ ಹೋಗಬೇಕು. ರೈಲುಹಾದಿಯೂ ಅಲ್ಲಿಯೇ ಕವಲೊಡೆಯುತ್ತದೆ. ಆ ಹೊತ್ತಿನಲ್ಲಿ ಅಲ್ಲಿ ನಿಂತವರನ್ನು ನೋಡಿ: ಶಾಲೆಯ ಉಪಾಧ್ಯಾಯಿನಿಯರು, ಆಸ್ಪತ್ರೆಯ ದಾದಿಯರು, ಬ್ಯಾಂಕಿನ ಹುಡುಗಿಯರು, ಹತ್ತು ವರ್ಷ ಪಾಠ ಹೇಳಿದರೂ ‘ಅತಿಥಿ’ಗಳಾಗಿಯೇ ಉಳಿದಿರುವ ನಮ್ಮ ಕಾಲೇಜುಗಳ ಉಪನ್ಯಾಸಕಿಯರು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಹಣ ಉಳಿಯಿತು. ನಿಲ್ಲುವುದಕ್ಕೆ ಜಾಗ ಸಿಕ್ಕಿತೆ ಎಂದು ಕೇಳಬೇಡಿ.

ಸ್ತ್ರೀಯರು ಉದ್ಯೋಗಕ್ಕೆ ಹೋಗಬಹುದೇ ಎಂಬ ಚರ್ಚೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಎಂದೋ ಮುಗಿಯಿತು. ಎರಡು ಸಂಬಳವಿಲ್ಲದೆ ಮನೆಯ ಸಾಲ ತೀರದೆಂಬ ಜ್ಞಾನೋದಯ ಎಲ್ಲ ಮಾವಂದಿರಿಗೂ ಆಗಿದೆ. ಮುಗಿಯದಿರುವುದು ಬೇರೊಂದು: ಉದ್ಯೋಗಕ್ಕೆ ಹೋದವಳು ಆ ಉದ್ಯೋಗದಲ್ಲಿ ಮೇಲೇರಬಹುದೇ?

ನನಗೆ ಪರಿಚಿತರಾದ ಒಬ್ಬ ಮಹಿಳೆ ಈ ಮೂರು ಊರುಗಳ ಪೈಕಿ ಒಂದರ ಕಛೇರಿಯಲ್ಲಿ ಹದಿನಾಲ್ಕು ವರ್ಷ ದುಡಿದವರು. ಲೆಕ್ಕದಲ್ಲಿ ಚತುರೆ, ಮೇಲಧಿಕಾರಿಗಳೇ ಕಡತ ಹಿಡಿದು ಅವರ ಮೇಜಿನ ಬಳಿಗೆ ಬರುವುದುಂಟು. ಕಳೆದ ವರ್ಷ ಅವರಿಗೆ ಬಡ್ತಿಯ ಆದೇಶ ಬಂದಿತು. ಬಡ್ತಿಯೊಡನೆ ದೂರದ ಜಿಲ್ಲೆಗೆ ವರ್ಗವೂ ಬಂದಿತು. ಮನೆಯಲ್ಲಿ ಆರು ವರ್ಷದ ಮಗು, ಮಂಡಿನೋವಿನ ಅತ್ತೆ. ಎರಡು ರಾತ್ರಿ ಯೋಚಿಸಿದರು. ಮೂರನೆಯ ದಿನ ಬಿಳಿಯ ಹಾಳೆ ತೆಗೆದು ಬರೆದುಕೊಟ್ಟರು: ‘ಕೌಟುಂಬಿಕ ಕಾರಣಗಳಿಂದ, ಸ್ವ-ಇಚ್ಛೆಯಿಂದ, ಬಡ್ತಿಯನ್ನು ನಿರಾಕರಿಸುತ್ತಿದ್ದೇನೆ.’

ಕನ್ನಡ ಪಾಠ ಹೇಳುವ ನನಗೆ ಶಬ್ದಗಳನ್ನು ಹಿಡಿದು ಅಲುಗಿಸುವ ಚಾಳಿಯಿದೆ. ಆ ವಾಕ್ಯದ ‘ಸ್ವ-ಇಚ್ಛೆ’ಯಲ್ಲಿ ‘ಸ್ವ’ ಎಲ್ಲಿದೆಯೆಂದು ಹುಡುಕಿದೆ. ಅತ್ತೆಯ ಮಂಡಿಯಿದೆ, ಮಗುವಿನ ಶಾಲೆಯಿದೆ, ‘ನಿನಗೆ ಹೇಗೆ ತೋರುವುದೋ ಹಾಗೆ ಮಾಡು’ ಎಂದು ಹೇಳಿ ಪತ್ರಿಕೆಯ ಹಿಂದೆ ಮರೆಯಾದ ಗಂಡನಿದ್ದಾನೆ. ಆಕೆ ಮಾತ್ರ ಕಾಣುವುದಿಲ್ಲ. ಆದರೂ ಕಡತದಲ್ಲಿ ಉಳಿಯುವುದು ಆಕೆಯ ಸಹಿ. ಮುಂದೆ ಯಾರಾದರೂ ‘ಮೇಲಿನ ಹುದ್ದೆಗಳಲ್ಲಿ ಹೆಂಗಸರು ಏಕೆ ಕಡಿಮೆ?’ ಎಂದು ಕೇಳಿದರೆ, ‘ನಾವು ಕೊಟ್ಟೆವು, ಅವರೇ ಬೇಡವೆಂದರು’ ಎನ್ನಲು ಆ ಹಾಳೆ ಸಾಕು.

ಊರುಗಳಿಗೂ ವರ್ಗವಾದದ್ದುಂಟು, ಕೇಳಿ. ಜಿಲ್ಲೆಯ ಕೇಂದ್ರವಾಗಿದ್ದ ಕಡೂರಿನಿಂದ ಕಛೇರಿಗಳು 1865ರಲ್ಲಿ ಚಿಕ್ಕಮಗಳೂರಿಗೆ ಹೋದುವು. ‘ಕಡೂರು ಜಿಲ್ಲೆ’ ಎಂಬ ಹೆಸರು ಮಾತ್ರ 1947ರವರೆಗೆ ಉಳಿಯಿತು. ಅಧಿಕಾರ ಒಂದೆಡೆ, ಹೆಸರು ಇನ್ನೊಂದೆಡೆ! ಬಡ್ತಿ ಬಿಟ್ಟು ಅದೇ ಮೇಜಿನಲ್ಲಿ ಕುಳಿತು, ಹೊಸ ಮೇಲಧಿಕಾರಿಗೆ ಕೆಲಸ ಕಲಿಸುವ ಸ್ತ್ರೀಯರನ್ನು ಕಂಡಾಗಲೆಲ್ಲ ನನಗೆ ಈ ಇತಿಹಾಸ ನೆನಪಾಗುತ್ತದೆ.

ಕೇಂದ್ರ ಸರ್ಕಾರದ ಅಂಕಿಅಂಶ ಕಛೇರಿ 2024ರಲ್ಲಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಸ್ತ್ರೀಯರ ಪಾಲಿನಿಂದ ದಿನಕ್ಕೆ 289 ನಿಮಿಷ ಹೋಗುತ್ತದೆ. ಪುರುಷರ ಪಾಲಿನಿಂದ 88. ಈ 88 ಕೂಡ ಮನೆಗೆಲಸಕ್ಕೆ ಕೈಹಾಕಿದ ಪುರುಷರ ಸರಾಸರಿ. ಕೈಯನ್ನೇ ಹಾಕದ ಮಹಾಪುರುಷರು ಆ ಲೆಕ್ಕದಿಂದ ಹೊರಗೆ. 2019ರ ಸಮೀಕ್ಷೆಯಲ್ಲಿ ಈ ಸಂಖ್ಯೆಗಳು 299 ಮತ್ತು 97 ಆಗಿದ್ದುವು. ಐದು ವರ್ಷಗಳಲ್ಲಿ ಆಕೆಗೆ ಹತ್ತು ನಿಮಿಷ ಉಳಿದರೆ, ನಾವೂ ಹಿಂದೆ ಬೀಳದೆ ಒಂಬತ್ತು ನಿಮಿಷ ಉಳಿಸಿಕೊಂಡಿದ್ದೇವೆ.

ಕಾನೂನು ಸುಮ್ಮನೆ ಕುಳಿತಿಲ್ಲವೆಂದೂ ಹೇಳಬೇಕು. 1961ರ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿದಾಗ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಹೆಚ್ಚು ಜನ ದುಡಿಯುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕೆಂದಾಯಿತು. ಬೆಂಗಳೂರಿಗೆ ಒಪ್ಪುವ ಮಾತು. ತರೀಕೆರೆಯ ಪೇಟೆಯಲ್ಲಿ ಐವತ್ತು ಜನರಿರುವ ಕಛೇರಿಯನ್ನು ಹುಡುಕಲು ಹೊರಟರೆ ಸಂಜೆಯಾದೀತು! ನಮ್ಮಲ್ಲಿರುವುದು ಎಂಟು ಹತ್ತು ಜನರ ಕಛೇರಿಗಳು. ಅಲ್ಲಿ ಮಗುವಿಗೆ ಜಾಗವಿಲ್ಲ. ಅಂಗನವಾಡಿ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ, ತಾಯಿ ಬಸ್ಸಿಳಿಯುವುದು ಆರೂವರೆಗೆ. ನಡುವಣ ಎರಡೂವರೆ ಗಂಟೆಯನ್ನು ಯಾವ ಕಾಯಿದೆಯೂ ಮುಟ್ಟಿಲ್ಲ. ಅದನ್ನು ಅಜ್ಜಿಯೋ ನೆರೆಮನೆಯಾಕೆಯೋ ತುಂಬಬೇಕು.

ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ 2021ರಲ್ಲಿ ಆರು ತಿಂಗಳ ಶಿಶುಪಾಲನಾ ರಜೆಯನ್ನು ಕೊಟ್ಟಿತು. ಒಳ್ಳೆಯದು. ಪತ್ನಿಯುಳ್ಳ ತಂದೆಗೆ ಇರುವುದು ಹದಿನೈದು ದಿನದ ಪಿತೃತ್ವ ರಜೆ. ಶಿಶುಪಾಲನೆ ತಾಯಿಯ ಖಾತೆಯದೆಂದು ಸರ್ಕಾರವೇ ಬರೆದಿಟ್ಟ ಮೇಲೆ ಮನೆಯ ಯಜಮಾನನನ್ನು ದೂರುವುದೆಂತು?

ಇನ್ನು ಅಡಿಕೆ ಸುಲಿಯಲು ಹೋಗುವಾಕೆಗೆ, ಈರುಳ್ಳಿ ಹೊಲದಲ್ಲಿ ಬಗ್ಗುವಾಕೆಗೆ ರಜೆಯೂ ಇಲ್ಲ, ಬಡ್ತಿಯೂ ಇಲ್ಲ, ನಿರಾಕರಿಸಲು ಬಿಳಿಯ ಹಾಳೆಯೂ ಇಲ್ಲ. ಉದ್ಯೋಗ ಖಾತ್ರಿಯ ಕೂಲಿಕಾರ ತಾಯಂದಿರ ಎಳೆಯ ಮಕ್ಕಳಿಗೆಂದು 4000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಸರ್ಕಾರ 2023ರ ಆಯವ್ಯಯದಲ್ಲಿ ಘೋಷಿಸಿತು. ಕೂಲಿಯ ತಾಯಿಗೆ ಹಳ್ಳಿಯಲ್ಲಿ ಬೇಕಾದುದು ಪೇಟೆಯ ಗುಮಾಸ್ತೆಗೂ ಬೇಕೆಂದು ಪುರಸಭೆಗಳಿಗೆ ಏಕೆ ತೋರಬಾರದು? ಬಸ್ ನಿಲ್ದಾಣದ ಬಳಿ, ಸಂಜೆ ಏಳರವರೆಗೆ ತೆರೆದಿರುವ ಒಂದು ಕೋಣೆ ಮತ್ತು ಇಬ್ಬರು ಆಯಾಗಳು. ವಾಣಿಜ್ಯ ಮಳಿಗೆಗಳನ್ನು ಕಟ್ಟುವ ಉತ್ಸಾಹದಲ್ಲಿ ಕಾಲುಭಾಗ ಸಾಕು.

ಮೇಲೆ ಹೇಳಿದ ಮಹಿಳೆಯ ಪತಿಯೂ ಸರ್ಕಾರಿ ನೌಕರರೇ. ಮೂರು ವರ್ಷದ ಹಿಂದೆ ಅವರಿಗೂ ಬಡ್ತಿ ಬಂದಿತ್ತು, ಕಲಬುರಗಿಗೆ. ಆಗ ಮಗುವಿಗೆ ಮೂರು ವರ್ಷ. ಅತ್ತೆಗೆ ಇದೇ ಮಂಡಿನೋವು. ಮನೆಯಲ್ಲಿ ಪಾಯಸ ಮಾಡಿದರು. ಹೊಸ ಸೂಟ್‌ಕೇಸ್ ಬಂದಿತು. ‘ಮನೆ ಹೇಗೆ ನಡೆದೀತು?’ ಎಂದು ಯಾರೂ ಕೇಳಲಿಲ್ಲ. ಎರಡು ವರ್ಷ ಅವರು ತಿಂಗಳಿಗೊಮ್ಮೆ ಬಂದು ಹೋದರು, ಮನೆ ನಡೆಯಿತು.

‘ನೀವು ಹೋಗಿದ್ದರೂ ನಡೆಯುತ್ತಿತ್ತೇನೋ’ ಎಂದೆ.

ಆಕೆ ಕೈಗಡಿಯಾರ ನೋಡಿಕೊಂಡರು. ‘ನಡೆಯುತ್ತಿತ್ತು ಸಾರ್, ನಾನು ಅಲ್ಲಿದ್ದೆನಲ್ಲ, ಅದಕ್ಕೇ ಆಗ ನಡೆಯಿತು’ ಎಂದು ಹೇಳಿ, ಐದೂಮುಕ್ಕಾಲರ ಬಸ್ಸಿಗೆ ಓಡಿದರು.