ತಂತ್ರಾಂಶ ಕೊಳ್ಳುವ ಮುನ್ನ ಗುಮಾಸ್ತನನ್ನೂ ಕೇಳಿ

ಮಧುರವಾಡದಿಂದ ವಿಜಯವಾಡದವರೆಗೆ ಅಂಗಡಿ, ಹೋಟೆಲು, ಗೋದಾಮುಗಳಲ್ಲಿ ಲೆಕ್ಕ ಬರೆದು ಬದುಕುವ ನೌಕರರಲ್ಲಿ ನಮ್ಮ ಕನ್ನಡಿಗರೂ ಇದ್ದಾರೆ. ಯಾವ ತಂತ್ರಾಂಶ ಉತ್ತಮ ಎಂಬ ಚರ್ಚೆ ಬಂದಾಗ ಮಾಲೀಕರು ಬೆಲೆ ನೋಡುತ್ತಾರೆ, ಲೆಕ್ಕ ಪರಿಶೋಧಕರು ವರದಿ ನೋಡುತ್ತಾರೆ. ದಿನವಿಡೀ ಅದರ ಮುಂದೆ ಕೂರುವವನನ್ನು ಕೇಳುವವರು ಅಪರೂಪ.

1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟ್ಯಾಲಿ ನೌಕರನಿಗೆ ಅನ್ನ ಕೊಡುವ ವಿದ್ಯೆ. ಮೌಸ್ ಮುಟ್ಟದೆ ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ. ಊರು ಬದಲಾದರೂ ಕೈಗೆ ಬಂದ ಈ ಅಭ್ಯಾಸ ಜೊತೆಗೇ ಬರುತ್ತದೆ. ಔಷಧ ಸಗಟು ಅಂಗಡಿಗಳಲ್ಲಿ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ನೋಡಿಕೊಳ್ಳಲು ಮಾರ್ಗ್ ಅನುಕೂಲ. ಚೆನ್ನೈ ಮೂಲದ ಜೋಹೋ ಬುಕ್ಸ್ ಅಂತರ್ಜಾಲದಲ್ಲಿ ನಡೆಯುವುದರಿಂದ ಎಲ್ಲಿ ಕುಳಿತಾದರೂ ಕೆಲಸ ಮಾಡಬಹುದು. ಆದರೆ ರಜೆಯ ದಿನವೂ ಮಾಲೀಕರ ಫೋನ್ ಬರಲು ಇದೇ ದಾರಿ!

ಕರಾವಳಿ ಆಂಧ್ರದ ಅನುಭವವೂ ಪಾಠ ಹೇಳುತ್ತದೆ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ಬಡಿದಾಗ ವಿಶಾಖಪಟ್ಟಣದಲ್ಲಿ ವಿದ್ಯುತ್, ದೂರವಾಣಿ ದಿನಗಟ್ಟಲೆ ಇರಲಿಲ್ಲ. ಅಂಥ ವೇಳೆ ಅಂತರ್ಜಾಲ ನಂಬಿದ ಲೆಕ್ಕ ಕೈಗೆ ಸಿಗದು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಉಕ್ಕಿ ವಿಜಯವಾಡದ ಸಿಂಗ್ ನಗರ ಮುಳುಗಿತು. ಅಂಥ ನೆರೆಯಲ್ಲಿ ನೆಲಮಹಡಿಯ ಕಂಪ್ಯೂಟರಿನೊಂದಿಗೆ ಲೆಕ್ಕವೂ ಹೋಗುತ್ತದೆ, ಬೇರೆಡೆ ಪ್ರತಿ ಇಲ್ಲದಿದ್ದರೆ. ಆದ್ದರಿಂದ ಯಾವುದನ್ನೇ ಕೊಂಡರೂ ಪ್ರತಿದಿನ ಒಂದು ಪ್ರತಿ ಬೇರೆ ಕಡೆ ಇರಲೇಬೇಕು.

ಇವೆಲ್ಲಕ್ಕಿಂತ ಮುಖ್ಯ, ನೌಕರನ ಮಾನ. ಲೆಕ್ಕವನ್ನು ಯಾರು, ಯಾವಾಗ ತಿದ್ದಿದರು ಎಂಬ ದಾಖಲೆ ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅನ್ವಯವಾಗಿದೆ. ಒಬ್ಬರೇ ಒಡೆಯರಿರುವ ಅಂಗಡಿಗಳಿಗೆ ಈ ಕಟ್ಟುಪಾಡಿಲ್ಲ. ಅಲ್ಲಿ ನಾಲ್ವರು ಒಂದೇ ಪಾಸ್‌ವರ್ಡ್ ಬಳಸಿದರೆ, ನಗದು ಕಡಿಮೆ ಬಂದ ದಿನ ಸಂಬಳ ಕಡಿತವಾಗುವುದು ಕೊನೆಗೆ ಲೆಕ್ಕ ಮುಚ್ಚಿದವನಿಗೆ. ತಪ್ಪು ತನ್ನದಲ್ಲವೆಂದು ತೋರಿಸಲು ಅವನ ಬಳಿ ಏನೂ ಇರುವುದಿಲ್ಲ.

ನಮ್ಮವರಲ್ಲಿ ಮಾಲೀಕರೂ ಇದ್ದಾರೆ, ನೌಕರರೂ ಇದ್ದಾರೆ. ಪ್ರತಿಯೊಬ್ಬ ನೌಕರನಿಗೂ ಪ್ರತ್ಯೇಕ ಹೆಸರು, ಪಾಸ್‌ವರ್ಡ್ ಕೊಡಲು ಹೆಚ್ಚು ಖರ್ಚೇನಿಲ್ಲ. ತಿದ್ದುಪಡಿಯ ದಾಖಲೆ ಉಳಿದರೆ ಕಳ್ಳನೂ ಸಿಗುತ್ತಾನೆ, ಪ್ರಾಮಾಣಿಕನೂ ಉಳಿಯುತ್ತಾನೆ. ಕನ್ನಡ ಸಂಘಗಳು ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಮ್ಮೆ ಲೆಕ್ಕಿಗರಿಗೆ ಒಂದು ದಿನದ ತರಬೇತಿ ಏರ್ಪಡಿಸಿದರೆ, ಊರಿನಿಂದ ಹೊಸದಾಗಿ ಬರುವ ಯುವಕ ಯುವತಿಯರಿಗೆ ದೊಡ್ಡ ಉಪಕಾರವಾದೀತು.