ಸಿಆರ್‌ಪಿ ನಾರ್ಮಲ್ ಬಂದರೆ ಮಗುವಿಗೆ ನ್ಯುಮೋನಿಯಾ ಇಲ್ಲ ಎಂದರ್ಥವೇ?

ತಿಕೋಟಾ, ಬಬಲೇಶ್ವರದ ಹಳ್ಳಿಯಿಂದ ಕೆಮ್ಮು-ಜ್ವರದ ಮಗುವನ್ನು ವಿಜಯಪುರಕ್ಕೆ ಕರೆತಂದು ರಕ್ತ ಪರೀಕ್ಷೆ ಮಾಡಿಸುತ್ತೇವೆ. ರಿಪೋರ್ಟಿನ ಫೋಟೊ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಸಂಖ್ಯೆ ಕಡಿಮೆ ಇದ್ದರೆ ‘ಸಿಆರ್‌ಪಿ ನಾರ್ಮಲ್ ಐತಿ, ಅಂಜಬ್ಯಾಡ್ರಿ’. ಹೆಚ್ಚಿದ್ದರೆ ‘ಆ್ಯಂಟಿಬಯೋಟಿಕ್ ಶುರು ಮಾಡ್ರಿ’. ಎರಡೂ ಸಲಹೆ ಮಗುವಿಗೆ ಮುಳುವಾಗಬಹುದು.

ಸಿಆರ್‌ಪಿ ಎಂದರೇನು?

ಸಿ-ರಿಯಾಕ್ಟಿವ್ ಪ್ರೋಟೀನ್. ಸೋಂಕು, ಗಾಯ, ಉರಿಯೂತ ಆದಾಗ ಲಿವರ್ ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. 1930ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಇದು ಮೊದಲು ಪತ್ತೆಯಾದದ್ದೇ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ. ಆದರೂ ಈ ಒಂದೇ ಸಂಖ್ಯೆಯಿಂದ ನ್ಯುಮೋನಿಯಾ ಇದೆ, ಇಲ್ಲ ಎಂದು ಹೇಳಲಾಗದು.

ತಪ್ಪುವುದು ಎಲ್ಲಿ?

1. ಸಮಯ: ಸೋಂಕು ಶುರುವಾಗಿ 6ರಿಂದ 12 ಗಂಟೆ ಕಳೆದ ಮೇಲೆ ಸಿಆರ್‌ಪಿ ಏರುತ್ತದೆ, ಗರಿಷ್ಠ ಮಟ್ಟ ತಲುಪಲು ಸುಮಾರು 48 ಗಂಟೆ ಬೇಕು. ಬೇಗ ಪರೀಕ್ಷಿಸಿದರೆ ನಾರ್ಮಲ್ ಬರಬಹುದು.

2. ಕಾರಣ: ಬ್ಯಾಕ್ಟೀರಿಯಾ ಸೋಂಕಿನಲ್ಲಿ ಸಾಮಾನ್ಯವಾಗಿ ಹೆಚ್ಚು ಏರುತ್ತದೆ, ನಿಜ. ಆದರೆ ಅಡಿನೋವೈರಸ್‌ನಂಥ ಕೆಲವು ವೈರಸ್‌ಗಳೂ ಏರಿಸುತ್ತವೆ. ವೈರಸ್‌ಗೆ ಆ್ಯಂಟಿಬಯೋಟಿಕ್ ನಾಟುವುದಿಲ್ಲ.

3. ಅಳತೆ: ಕೆಲವು ಲ್ಯಾಬ್‌ಗಳು ಲೀಟರಿಗೆ, ಕೆಲವು ಡೆಸಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಡೆಸಿಲೀಟರಿಗೆ 4 ಎಂದರೆ ಲೀಟರಿಗೆ 40! ಬರೀ ಸಂಖ್ಯೆ ನೋಡಿ ಹೋಲಿಸಬೇಡಿ.

ಹಾಗಾದರೆ ಪರೀಕ್ಷೆ ದಂಡವೇ?

ಅಲ್ಲ. ಎದೆ ಪರೀಕ್ಷೆ, ಉಸಿರು, ರಕ್ತದ ಆಮ್ಲಜನಕದ ಜೊತೆಗಿಟ್ಟು ನೋಡಿದಾಗ ವೈದ್ಯರಿಗೆ ಇದು ನೆರವಾಗುತ್ತದೆ. ಆಸ್ಪತ್ರೆಗೆ ದಾಖಲಾದ ಮಗುವಿನಲ್ಲಿ ಚಿಕಿತ್ಸೆ ನಾಟುತ್ತಿದೆಯೇ ಎಂದು ತಿಳಿಯಲೂ ಮತ್ತೆ ಮಾಡಿಸುತ್ತಾರೆ.

ಮನೆಯಲ್ಲಿ ಏನು ನೋಡಬೇಕು?

ಮಗು ಅಳದೆ, ಹಾಲು ಕುಡಿಯದೆ ಶಾಂತವಾಗಿದ್ದಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜೋರು ಉಸಿರು ಎಂದರೆ:

• 2 ತಿಂಗಳೊಳಗೆ: 60 ಅಥವಾ ಹೆಚ್ಚು
• 2ರಿಂದ 11 ತಿಂಗಳು: 50 ಅಥವಾ ಹೆಚ್ಚು
• 1ರಿಂದ 5 ವರ್ಷ: 40 ಅಥವಾ ಹೆಚ್ಚು

ಹೀಗಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಗೆ ಸೆಳೆದರೆ, ತುಟಿ ನೀಲಿಯಾದರೆ, ಮಗು ಹಾಲು-ನೀರು ಕುಡಿಯದಿದ್ದರೆ, ಫಿಟ್ಸ್ ಬಂದರೆ, ಮಂಪರಿನಲ್ಲಿದ್ದರೆ ರಿಪೋರ್ಟಿಗಾಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೊರಡಿ.

ಗ್ರೂಪಿನಲ್ಲಿ ಹಂಚಲೇಬೇಕೆಂದರೆ ಸಿಆರ್‌ಪಿ ರಿಪೋರ್ಟ್ ಬಿಟ್ಟು, ಉಸಿರಿನ ಈ ಲೆಕ್ಕ ಹಂಚೋಣ.