ಗ್ರಂಥಪಾಲಕ: ನಗೆಗೂ ನಿಲುಕದ ಪಾತ್ರ

ಮಂಗಳೂರಿನ ಅತ್ತಾವರವೆಂದರೆ ಆಸ್ಪತ್ರೆ, ವಿದ್ಯಾರ್ಥಿ ನಿಲಯಗಳು, ಪಕ್ಕದಲ್ಲೇ ಸೆಂಟ್ರಲ್ ರೈಲು ನಿಲ್ದಾಣ. ಇಲ್ಲಿಂದ ನಡೆದೇ ಹೋಗಬಹುದಾದ ಹಂಪನಕಟ್ಟೆಯ ಸರಕಾರಿ ಕಾಲೇಜಿಗೆ, ಅಂದರೆ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿಗೆ, 1917ರಲ್ಲಿ ಗಣಿತದ ತರುಣ ಅಧ್ಯಾಪಕರೊಬ್ಬರು ಸೇರಿದರು. ಅವರೇ ಮುಂದೆ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್. ಪ್ರತಿವರ್ಷ ಆಗಸ್ಟ್ 12ರಂದು ದೇಶದ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಮಾಲೆ ಬೀಳುತ್ತದೆ, ಗ್ರಂಥಪಾಲಕರ ದಿನ ಆಚರಣೆಯಾಗುತ್ತದೆ. ಆದರೆ ಆ ದಿನ ಕಳೆದ ಮೇಲೆ ಗ್ರಂಥಪಾಲಕರು ಯಾರ ಕಣ್ಣಿಗೂ ಬೀಳುವುದಿಲ್ಲ. ಸಿನಿಮಾದಲ್ಲೂ ಇಲ್ಲ, ನಾಟಕದಲ್ಲೂ ಇಲ್ಲ, ನಗೆಹನಿಯಲ್ಲೂ ಇಲ್ಲ.

ವಿಚಿತ್ರವೆಂದರೆ, ಗ್ರಂಥಪಾಲಕನಿಗೆ ಮಾಡಲು ಕೆಲಸವೇ ಇರುವುದಿಲ್ಲ ಎಂಬ ಜನಪ್ರಿಯ ನಂಬಿಕೆಗೆ ಆರಂಭದಲ್ಲಿ ರಂಗನಾಥನ್ ಕೂಡ ಹೊರತಾಗಿರಲಿಲ್ಲ. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ ನೇಮಕಗೊಂಡ ಅವರು, ಅಲ್ಲಿನ ಏಕಾಂತಕ್ಕೆ ಬೇಸತ್ತು ಕೆಲವೇ ದಿನಗಳಲ್ಲಿ ಅಧ್ಯಾಪನಕ್ಕೆ ಮರಳಲು ಅನುಮತಿ ಕೋರಿದ್ದರು. ಲಂಡನ್ನಿಗೆ ಹೋಗಿ ಗ್ರಂಥಾಲಯ ಶಿಕ್ಷಣ ಪಡೆದು ಬರಬೇಕು, ಆಮೇಲೂ ಮನಸ್ಸಿಲ್ಲದಿದ್ದರೆ ಮರಳಬಹುದು ಎಂಬ ಒಪ್ಪಂದವಾಯಿತು. ಅವರು ಮತ್ತೆ ಗಣಿತದ ತರಗತಿಗೆ ಹಿಂದಿರುಗಲಿಲ್ಲ. ಇಂಗ್ಲೆಂಡಿನಲ್ಲಿ ಗ್ರಂಥಾಲಯಗಳು ಜನರ ನಡುವೆ ಹೇಗೆ ದುಡಿಯುತ್ತವೆ ಎಂಬುದನ್ನು ಕಂಡದ್ದೇ ಅವರ ಅಭಿಪ್ರಾಯವನ್ನು ಬದಲಿಸಿತು. ಕಾಣದ ಕೆಲಸಕ್ಕೆ ಬೆಲೆ ಇರುವುದಿಲ್ಲ ಎಂಬ ಮಾತಿಗೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಅಲ್ಲಿ ಗೇಲಿ, ಇಲ್ಲಿ ಮೌನ

ಪಾಶ್ಚಾತ್ಯ ಜನಪ್ರಿಯ ಸಂಸ್ಕೃತಿಯಲ್ಲಿ ಗ್ರಂಥಪಾಲಕಿಗೆ ಒಂದು ಸಿದ್ಧ ಅಚ್ಚು ಇದೆ. ದಪ್ಪ ಕನ್ನಡಕ, ಬಿಗಿದು ಕಟ್ಟಿದ ತುರುಬು, ತುಟಿಯ ಮೇಲೆ ಬೆರಳು. 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದಲ್ಲಿ ನಾಯಕನು ಹುಟ್ಟಿಯೇ ಇರದಿದ್ದರೆ ಅವನ ಪತ್ನಿಯ ಗತಿ ಏನಾಗುತ್ತಿತ್ತು ಎಂದು ತೋರಿಸುವ ಸನ್ನಿವೇಶವಿದೆ: ಅವಳು ಅವಿವಾಹಿತೆಯಾಗಿ ಉಳಿದು ಗ್ರಂಥಪಾಲಕಿಯಾಗಿರುತ್ತಾಳೆ! 1984ರ 'ಗೋಸ್ಟ್‌ಬಸ್ಟರ್ಸ್' ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಆರಂಭವಾಗುತ್ತದೆ; ಅಲ್ಲಿನ ದೆವ್ವ ಕೂಡ ಬಂದವರಿಗೆ 'ಶ್' ಎನ್ನುತ್ತದೆ. 2003ರಲ್ಲಿ ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ರೂಪದ ಗೊಂಬೆಯೊಂದು ಮಾರುಕಟ್ಟೆಗೆ ಬಂತು. ಗುಂಡಿ ಒತ್ತಿದರೆ ಅದರ ಕೈ ಮೇಲೆದ್ದು ಬೆರಳು ತುಟಿಗೆ ತಾಗುತ್ತಿತ್ತು. ಕೆಲವು ಗ್ರಂಥಪಾಲಕರು ಸಿಡಿಮಿಡಿಗೊಂಡರು, ಇನ್ನು ಕೆಲವರು ನಗುತ್ತಲೇ ಅದನ್ನು ಕೊಂಡು ಮೇಜಿನ ಮೇಲಿಟ್ಟರು.

ಕನ್ನಡದಲ್ಲಿ ಈ ಮಟ್ಟದ ಗೇಲಿಯೂ ಇಲ್ಲ. 1942ರಲ್ಲಿ ರಾಶಿ ಅವರು ಆರಂಭಿಸಿದ 'ಕೊರವಂಜಿ'ಯಿಂದ ಹಿಡಿದು ಇಂದಿನ ಹಾಸ್ಯೋತ್ಸವಗಳವರೆಗೆ ಮೇಷ್ಟ್ರು, ಗುಮಾಸ್ತ, ವೈದ್ಯ, ವಕೀಲ, ಪುರೋಹಿತ, ರಾಜಕಾರಣಿ ಎಲ್ಲರೂ ಬಂದು ಹೋಗಿದ್ದಾರೆ. ಕರಾವಳಿಯ ತುಳು ನಾಟಕಗಳಲ್ಲಿ ಮತ್ತು 2011ರ 'ಒರಿಯರ್ದೊರಿ ಅಸಲ್' ಬಳಿಕ ಹೊಸ ಜೀವ ಪಡೆದ ತುಳು ಚಿತ್ರಗಳಲ್ಲಿ ಬೀದಿಯ ಪ್ರತಿಯೊಬ್ಬರಿಗೂ ಒಂದು ಹಾಸ್ಯದ ಪಾತ್ರ ಸಿಗುತ್ತದೆ. ಈ ಜನಜಂಗುಳಿಯಲ್ಲಿ ನೆನಪಿನಲ್ಲಿ ಉಳಿಯುವ ಒಬ್ಬ ಗ್ರಂಥಪಾಲಕನನ್ನು ಹುಡುಕುವುದು ಕಷ್ಟ. ಕಾಲೇಜು ಕಥೆಯ ಸಿನಿಮಾಗಳಲ್ಲಿ ಗ್ರಂಥಾಲಯ ಬಂದರೂ ಅದು ನಾಯಕ ನಾಯಕಿಯರು ಕಪಾಟಿನ ಸಂದಿಯಿಂದ ಇಣುಕುವ ತಾಣ ಮಾತ್ರ. ಗ್ರಂಥಪಾಲಕರಿಗಿರುವುದು ಒಂದೇ ಸಂಭಾಷಣೆ: 'ಸೈಲೆನ್ಸ್'.

ಹಾಸ್ಯವು ಸಮಾಜದ ಗಮನದ ಅಳತೆಗೋಲು. ದಿನನಿತ್ಯ ವ್ಯವಹಾರವಿರುವವರನ್ನು ಜನ ಗೇಲಿ ಮಾಡುತ್ತಾರೆ. ವ್ಯವಹಾರವೇ ಇಲ್ಲದವರನ್ನು ಮರೆಯುತ್ತಾರೆ. ಆದ್ದರಿಂದ ಈ ಮರೆವು ಗೇಲಿಗಿಂತ ಹೆಚ್ಚು ಚಿಂತಿಸಬೇಕಾದ ಸಂಗತಿ.

ಬೀಗದ ಕೈ ಹಿಂದಿನ ಭಯ

ನಮ್ಮಲ್ಲಿ ಗ್ರಂಥಪಾಲಕರ ಬಗ್ಗೆ ಅಷ್ಟಿಷ್ಟು ಚಿತ್ರ ಇದ್ದರೆ ಅದು ಬೀರುವಿನ ಬೀಗದ ಕೈ ಹಿಡಿದವರ ಚಿತ್ರ. 'ಗ್ರಂಥಪಾಲಕ' ಎಂಬ ಪದವೇ ದೇಗುಲದ ಬಾಗಿಲಲ್ಲಿ ಗದೆ ಹಿಡಿದು ನಿಂತ ದ್ವಾರಪಾಲಕರನ್ನು ನೆನಪಿಸುತ್ತದೆ. ಪರರ ಕೈಸೇರಿದ ಪುಸ್ತಕ ಮರಳಿ ಬಾರದೆಂಬ ಹಳೆಯ ಸುಭಾಷಿತವೂ ಇದಕ್ಕೆ ಇಂಬು ಕೊಡುತ್ತದೆ. ಈ ಚಿತ್ರ ಸಂಪೂರ್ಣ ಸುಳ್ಳಲ್ಲ. ಗಾಜಿನ ಬಾಗಿಲಿನ ಹಿಂದೆ ವರ್ಷಗಟ್ಟಲೆ ಕುಳಿತ ಪುಸ್ತಕಗಳನ್ನು ಕಂಡವರು ರಾಜ್ಯದಲ್ಲಿ ಸಾಕಷ್ಟು ಮಂದಿ ಇದ್ದಾರೆ.

ಆದರೆ ಈ ಬೀಗ ಸ್ವಭಾವದಿಂದ ಹುಟ್ಟಿದ್ದಕ್ಕಿಂತ ಲೆಕ್ಕಪರಿಶೋಧನೆಯಿಂದ ಹುಟ್ಟಿದ್ದೇ ಹೆಚ್ಚು. ಪುಸ್ತಕವನ್ನು ಮೇಜು ಕುರ್ಚಿಗಳಂತೆ ದಾಸ್ತಾನು ಪುಸ್ತಕದಲ್ಲಿ ಬರೆದಿಟ್ಟು, ಕಳೆದುಹೋದರೆ ಸಿಬ್ಬಂದಿಯೇ ಹೊಣೆ ಎನ್ನುವ ಕಡೆ ಗ್ರಂಥಪಾಲಕ ಕಾವಲುಗಾರನಾಗದೆ ಗತ್ಯಂತರವಿಲ್ಲ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ಈ ಬಗ್ಗೆ ಉದಾರವಾಗಿವೆ. ವರ್ಷದಲ್ಲಿ ಎರವಲು ನೀಡಿದ ಅಥವಾ ಪರಾಮರ್ಶಿಸಿದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕಗಳು ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು, ಅಪ್ರಾಮಾಣಿಕತೆ ಇರಬಾರದು ಅಷ್ಟೇ ಎನ್ನುತ್ತವೆ ಅವು. ಓದುಗರ ಕೈಗೆ ಹೋದ ಪುಸ್ತಕ ಸವೆಯುತ್ತದೆ, ಕೆಲವೊಮ್ಮೆ ಕಾಣೆಯಾಗುತ್ತದೆ ಎಂಬುದನ್ನು ನಿಯಮವೇ ಒಪ್ಪಿದೆ. ಆದರೆ ಕಚೇರಿಯ ಅಭ್ಯಾಸ ಇನ್ನೂ ಒಪ್ಪಿಲ್ಲ. ನಿವೃತ್ತಿಯ ಹೊಸ್ತಿಲಲ್ಲಿ ದಾಸ್ತಾನು ಲೆಕ್ಕ ಒಪ್ಪಿಸಬೇಕಾದವರಿಗೆ ಓದುಗನಿಗಿಂತ ಬೀಗವೇ ಹೆಚ್ಚು ನಂಬಿಕಸ್ಥ ಎನಿಸಿದರೆ ಅಚ್ಚರಿಯಿಲ್ಲ.

ಪುಸ್ತಕಗಳಿರುವುದು ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬುದು 1931ರಲ್ಲಿ ರಂಗನಾಥನ್ ಮುಂದಿಟ್ಟ ಪಂಚಸೂತ್ರಗಳಲ್ಲಿ ಮೊದಲನೆಯದರ ತಿರುಳು. ಓದುಗರೇ ಕಪಾಟಿನ ಬಳಿಗೆ ಹೋಗಿ ಪುಸ್ತಕ ಆರಿಸಿಕೊಳ್ಳುವ ಮುಕ್ತ ಪ್ರವೇಶವನ್ನು ಮದರಾಸಿನಲ್ಲಿ ತಂದವರೂ ಅವರೇ.

ಕಾವಲುಗಾರನಲ್ಲದಿದ್ದರೆ ಸಂತ

ಕನ್ನಡ ಮಾಧ್ಯಮಗಳು ಗ್ರಂಥಾಲಯದ ಮನುಷ್ಯರನ್ನು ಕೊಂಡಾಡುವ ಸಂದರ್ಭವೂ ಇದೆ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ, ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದ ಅಂಕೇಗೌಡರು ಲಕ್ಷಗಟ್ಟಲೆ ಗ್ರಂಥಗಳ 'ಪುಸ್ತಕ ಮನೆ' ಕಟ್ಟಿದ್ದು ನಾಡಿಗೆ ಗೊತ್ತಿದೆ. ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಸೈಯದ್ ಇಸಾಕ್ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯ 2021ರ ಏಪ್ರಿಲ್ 9ರಂದು ಬೆಂಕಿಗೆ ಆಹುತಿಯಾದಾಗ 11,000ಕ್ಕೂ ಹೆಚ್ಚು ಪುಸ್ತಕಗಳು ಬೂದಿಯಾದವು. ನಾಡಿನ ಎಲ್ಲೆಡೆಯಿಂದ ನೆರವು ಹರಿಯಿತು. ಈ ಇಬ್ಬರ ಸಾಧನೆ ನಿಜಕ್ಕೂ ದೊಡ್ಡದು.

ಆದರೆ ಈ ಕಥನಗಳಿಗೂ ಒಂದು ಅಡ್ಡಪರಿಣಾಮವಿದೆ. ಗ್ರಂಥಾಲಯ ಎಂದರೆ ಯಾರೋ ಪುಣ್ಯಾತ್ಮರು ಹೊಟ್ಟೆ ಬಟ್ಟೆ ಕಟ್ಟಿ ನಡೆಸುವ ಸೇವೆ ಎಂಬ ಭಾವನೆಯನ್ನು ಅವು ಬಿತ್ತುತ್ತವೆ. ಸಂತನಿಗೆ ಸಂಬಳ ಬೇಕಿಲ್ಲ. ಕಾವಲುಗಾರನಿಗೆ ವಿದ್ಯೆ ಬೇಕಿಲ್ಲ. ಹೀಗೆ ಎರಡೂ ಚಿತ್ರಗಳು ಒಂದೇ ಕಡೆಗೆ ಕರೆದೊಯ್ಯುತ್ತವೆ: ತರಬೇತಿ ಪಡೆದ ವ್ಯಕ್ತಿಗೆ ತಕ್ಕ ವೇತನ ಕೊಟ್ಟು ನೇಮಿಸುವ ಅಗತ್ಯವೇ ಇಲ್ಲ ಎಂಬ ತೀರ್ಮಾನಕ್ಕೆ.

ಪರಿಣಾಮ ಕಣ್ಣೆದುರಿಗಿದೆ. ಬಹುತೇಕ ಸರಕಾರಿ ಪ್ರೌಢಶಾಲೆಗಳಲ್ಲಿ ಗ್ರಂಥಾಲಯದ ಹೊಣೆ ಯಾರಾದರೊಬ್ಬ ಶಿಕ್ಷಕರ ಹೆಗಲಿಗೆ ಹೆಚ್ಚುವರಿಯಾಗಿ ಬೀಳುತ್ತದೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹಸ್ತಾಂತರಗೊಂಡು ಈಗ 'ಅರಿವು ಕೇಂದ್ರ'ಗಳಾಗಿವೆ. ಅವುಗಳ ಮೇಲ್ವಿಚಾರಕರು ಬಹುಕಾಲ ಗೌರವಧನದ ಮೇಲೆಯೇ ದುಡಿದು, ಕನಿಷ್ಠ ವೇತನಕ್ಕಾಗಿ ಬೀದಿಗಿಳಿಯಬೇಕಾಯಿತು. ಆ ಪದದಲ್ಲಿ ಗೌರವ ಮುಂದಿದೆ, ಧನ ಹಿಂದೆಯೇ ಉಳಿಯಿತು. ಪತ್ರಿಕೆಗಳಲ್ಲಿ ಗ್ರಂಥಾಲಯ ಸುದ್ದಿಯಾಗುವುದು ಸೋರುವ ಮಾಡಿಗಾಗಿ ಅಥವಾ ಪ್ರಕಾಶಕರು ಕಾದು ಕುಳಿತ ಸಗಟು ಖರೀದಿಗಾಗಿ. ಖರೀದಿಯಾದ ಪುಸ್ತಕವನ್ನು ಓದುಗನ ಕೈಗೆ ತಲಪಿಸುವವರಾರು ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ.

ಹುಡುಕುವವರು, ಪರೀಕ್ಷಿಸುವವರು

ಗ್ರಂಥಪಾಲಕರ ನಿಜವಾದ ಕೆಲಸ ಮೌನ ಕಾಯುವುದಲ್ಲ. ಹುಡುಕುವುದು ಮತ್ತು ಸಿಕ್ಕಿದ್ದು ನಿಜವೇ ಎಂದು ಪರೀಕ್ಷಿಸುವುದು. ಇದಕ್ಕೆ ಶ್ರೇಷ್ಠ ಉದಾಹರಣೆ ಮೈಸೂರಿನಲ್ಲೇ ಇದೆ. 1891ರಲ್ಲಿ ಸ್ಥಾಪನೆಯಾದ ಅಲ್ಲಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ತಂದೊಪ್ಪಿಸಿದ್ದರು. ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಕೌಟಿಲ್ಯನ 'ಅರ್ಥಶಾಸ್ತ್ರ' ಎಂದು ಗುರುತಿಸಿದರು. 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಶತಮಾನಗಳ ಕಾಲ ಹೆಸರಿನಲ್ಲಷ್ಟೇ ಉಳಿದಿದ್ದ ಗ್ರಂಥ ಲೋಕಕ್ಕೆ ಮರಳಿ ದೊರೆತದ್ದು ಹೀಗೆ. ದಾಸ್ತಾನು ಪುಸ್ತಕದಲ್ಲಿ ಅದು ಇನ್ನೊಂದು ಸಂಖ್ಯೆಯಾಗಿ ಉಳಿದುಬಿಡುವ ಸಾಧ್ಯತೆಯೇ ಹೆಚ್ಚಾಗಿತ್ತು.

ವೈದ್ಯ ವಿದ್ಯಾರ್ಥಿಗಳಿಂದ ತುಂಬಿದ ಅತ್ತಾವರದಂತಹ ಬಡಾವಣೆಗೆ ಇನ್ನೊಂದು ಉದಾಹರಣೆ ಹೆಚ್ಚು ಹತ್ತಿರವಾದುದು. 2001ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯಲ್ಲಿ ಆಸ್ತಮಾ ಕುರಿತ ಪ್ರಯೋಗವೊಂದಕ್ಕೆ ಒಳಗಾದ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿ, ಹೆಕ್ಸಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಾಡಿದ ಬಳಿಕ ಶ್ವಾಸಕೋಶ ಕೆಟ್ಟು ಮೃತಪಟ್ಟರು. ಸಂಶೋಧಕರು ಶೋಧಿಸಿದ್ದ ಗಣಕೀಕೃತ ಸೂಚಿಯಲ್ಲಿ 1966ರ ನಂತರದ ಲೇಖನಗಳಷ್ಟೇ ಇದ್ದವು. ಆ ರಾಸಾಯನಿಕದಿಂದ ಶ್ವಾಸಕೋಶಕ್ಕೆ ಹಾನಿಯಾಗಬಹುದೆಂಬ ವರದಿಗಳು 1950ರ ದಶಕದ ಪತ್ರಿಕೆಗಳಲ್ಲಿ, ಅಂದರೆ ಗ್ರಂಥಾಲಯದ ಕಪಾಟಿನಲ್ಲಿದ್ದವು. ಪರದೆಯ ಮೇಲೆ ಕಾಣದಿರುವುದೆಲ್ಲ ಇಲ್ಲವೆಂದು ಭಾವಿಸಬಾರದು ಎಂಬ ಪಾಠಕ್ಕೆ ತೆತ್ತ ಬೆಲೆ ಒಂದು ಜೀವ.

ಈಗ ಸಮಸ್ಯೆ ತಿರುಗಿ ನಿಂತಿದೆ. ಪರದೆಯ ಮೇಲೆ ಕಾಣುವುದೆಲ್ಲ ಇದೆಯೆಂದೂ ನಂಬುವಂತಿಲ್ಲ. ಕೃತಕ ಬುದ್ಧಿಮತ್ತೆಯ ತಂತ್ರಾಂಶ ಹೊಸೆದುಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕಾಗಿ ನ್ಯೂಯಾರ್ಕಿನಲ್ಲಿ 2023ರಲ್ಲಿ ವಕೀಲರಿಗೆ 5,000 ಡಾಲರ್ ದಂಡ ಬಿತ್ತು. ಕರ್ನಾಟಕ ಹೈಕೋರ್ಟು 2025ರ ಮಾರ್ಚ್‌ನಲ್ಲಿ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದ ಬೆಂಗಳೂರಿನ ನ್ಯಾಯಾಧೀಶರೊಬ್ಬರ ವಿರುದ್ಧ ಕ್ರಮಕ್ಕೆ ಸೂಚಿಸಿತು. 'ಈ ಉಲ್ಲೇಖ ನಿಜವಾಗಿಯೂ ಇದೆಯೇ?' ಎಂದು ಮೂಲಕ್ಕೆ ಹೋಗಿ ನೋಡುವುದೇ ಗ್ರಂಥಪಾಲಕರ ವೃತ್ತಿಧರ್ಮ. ಯಂತ್ರ ಬಂದ ಮೇಲೆ ಅವರೇಕೆ ಎಂಬ ಪ್ರಶ್ನೆ ಹೊಸದೂ ಅಲ್ಲ. 1957ರ 'ಡೆಸ್ಕ್ ಸೆಟ್' ಎಂಬ ಹಾಲಿವುಡ್ ಹಾಸ್ಯಚಿತ್ರದಲ್ಲಿ ಮಾಹಿತಿ ವಿಭಾಗದ ಮಹಿಳೆಯರಿಗೆ ಇದೇ ಆತಂಕವಿತ್ತು. ಕೊನೆಗೆ ಯಂತ್ರವೇ ಎಡವಟ್ಟು ಮಾಡಿ ಸಂಸ್ಥೆಯ ಅಧ್ಯಕ್ಷರೂ ಸೇರಿದಂತೆ ಎಲ್ಲರಿಗೂ ವಜಾ ಪತ್ರ ಕೊಡುತ್ತದೆ. ಆ ನಗೆ ಇಂದಿಗೂ ಹಳಸಿಲ್ಲ.

ತೆರಿಗೆ ರಸೀದಿಯಲ್ಲಿರುವ ಹಕ್ಕು

ಗ್ರಂಥಪಾಲಕರ ಚಿತ್ರ ಬದಲಾಗಬೇಕೆಂದರೆ ಅವರನ್ನು ಹೊಗಳುವ ಸಿನಿಮಾ ಬರಬೇಕೆಂದಲ್ಲ. ಜನರಿಗೂ ಅವರಿಗೂ ವ್ಯವಹಾರ ಬೆಳೆಯಬೇಕು. ಇಂದು ನಗರಗಳ ವಾಚನಾಲಯಗಳು ಸ್ಪರ್ಧಾತ್ಮಕ ಪರೀಕ್ಷೆಯ ಆಕಾಂಕ್ಷಿಗಳಿಂದ ತುಂಬಿವೆ. ಅವರಲ್ಲಿ ಹಲವರು ತಮ್ಮದೇ ಪುಸ್ತಕ ತಂದು, ಕುರ್ಚಿ ಮತ್ತು ಫ್ಯಾನನ್ನು ಮಾತ್ರ ಬಳಸಿ ಹೋಗುತ್ತಾರೆ. ಮೇಜಿನಾಚೆ ಕುಳಿತವರನ್ನು ಒಂದು ಪ್ರಶ್ನೆ ಕೇಳುವ ರೂಢಿ ನಮ್ಮಲ್ಲಿ ಬೆಳೆದೇ ಇಲ್ಲ. ಪ್ರಶ್ನೆ ಬಾರದ ಕಡೆ ಉತ್ತರ ಹುಡುಕುವ ವಿದ್ಯೆಯೂ ತುಕ್ಕು ಹಿಡಿಯುತ್ತದೆ ಎಂಬುದನ್ನೂ ಹೇಳಲೇಬೇಕು.

ಕೇಳುವ ಹಕ್ಕಂತೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಅನ್ವಯ ನಗರವಾಸಿಗಳು ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ತೆರುತ್ತಾರೆ. ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಈ ಹಣ ಗ್ರಂಥಾಲಯ ಇಲಾಖೆಗೆ ಸಕಾಲದಲ್ಲಿ ಸೇರುತ್ತಿಲ್ಲ ಎಂಬ ದೂರು ಹಳೆಯದು. ಅತ್ತಾವರದ ಮನೆಯೊಡೆಯರಾಗಲಿ ಹುಬ್ಬಳ್ಳಿಯ ಅಂಗಡಿ ಮಾಲೀಕರಾಗಲಿ ತಾವು ಕಟ್ಟಿದ ಕರ ಎಲ್ಲಿ ಹೋಯಿತು, ಅದರಿಂದ ಎಷ್ಟು ಹುದ್ದೆಗಳು ತುಂಬಿದವು ಎಂದು ವಾರ್ಡಿನ ಪ್ರತಿನಿಧಿಯನ್ನು ಕೇಳಿದ್ದುಂಟೇ? ರಸ್ತೆಗುಂಡಿಗೆ, ಕುಡಿಯುವ ನೀರಿಗೆ ಕೇಳುವಂತೆ ಗ್ರಂಥಪಾಲಕರಿಗಾಗಿಯೂ ಕೇಳತೊಡಗಿದ ದಿನ ಅವರು ಜನರ ಕಣ್ಣಿಗೆ ಬಿದ್ದಾರು. ಆಮೇಲೆ ನಾಟಕದವರು ಅವರನ್ನು ಗೇಲಿ ಮಾಡಿದರೂ ಚಿಂತೆಯಿಲ್ಲ. ಬದುಕಿನ ನಡುವೆ ಇರುವವರಿಗಷ್ಟೇ ಆ ಭಾಗ್ಯ.